ಕೆಲಸ ಮುಗಿಸಿ ಬಂದವರ ಕಥೆ ತರಗತಿ

ದುಡಿಯುವವರಿಗೆ ಸಂಜೆ ಹೊತ್ತು ಪಾಠ ಹೇಳಬೇಕೆಂದು ಡಾ. ಜಾರ್ಜ್ ಬರ್ಕ್‌ಬೆಕ್ ಮತ್ತು ಗೆಳೆಯರು 1823ರಲ್ಲಿ ಲಂಡನ್ನಿನ ಪಾನಗೃಹವೊಂದರಲ್ಲಿ ಸಭೆ ಸೇರಿಸಿದಾಗ ಸುಮಾರು ಎರಡು ಸಾವಿರ ಜನ ಬಂದಿದ್ದರು. ಕೂಲಿಕಾರರು ಓದು ಕಲಿತರೆ ಹೇಳಿದ ಮಾತು ಕೇಳುವುದಿಲ್ಲ ಎಂದು ಹೆದರಿದವರೂ ಇದ್ದರು. ಹಾಗೆ ಹುಟ್ಟಿದ ‘ಲಂಡನ್ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್’ 1830ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡಿತು. 1920ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಅಂಗವಾಯಿತು. ಈಗ ಅದರ ಹೆಸರು ಬರ್ಕ್‌ಬೆಕ್. ಸಂಜೆ ಆರರ ಮೇಲೆ ಪಾಠ ಹೇಳುವ ಪದ್ಧತಿಯನ್ನು ಅದು ಬಿಟ್ಟಿಲ್ಲ.

ಅಲ್ಲಿ ಸೃಜನಶೀಲ ಬರವಣಿಗೆಯಲ್ಲಿ ಎಂ.ಎ. ಮಾಡಬಹುದು. ನೌಕರಿಯಲ್ಲಿರುವವರು ಎರಡು ವರ್ಷ ಅರೆಕಾಲಿಕವಾಗಿ ಓದಬಹುದು. ಈ ವಿಭಾಗ 2004ರಿಂದ ಹೊರತಂದ ಕಥಾಸಂಕಲನಕ್ಕೆ ‘ದಿ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ರಿವ್ಯೂ’ ಎಂದು ಹೆಸರಿಟ್ಟಿದ್ದು ಬಲು ಸರಿ. ಕಥೆಯೂ ದುಡಿಯುವವರ ಸೊತ್ತೇ.

ವಿಶ್ವವಿದ್ಯಾಲಯದಲ್ಲಿ ಕಥೆ ಬರೆಯಲು ಕಲಿಸುವ ಹೆಸರಾಂತ ಕೇಂದ್ರ ಅಮೆರಿಕದ ಅಯೋವಾದಲ್ಲಿ 1936ರಲ್ಲೇ ಆರಂಭವಾಗಿತ್ತು. ಬ್ರಿಟನ್ನಿನಲ್ಲಿ ಇಂಥ ಎಂ.ಎ.ಗೆ ದಾರಿ ಹಾಕಿದವರು 1970ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಮಾಲ್ಕಂ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್. ಬ್ರಾಡ್‌ಬರಿ ನಮಗೆ ಹೊರಗಿನವರಲ್ಲ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಅವರ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದ್ದೇ ‘ಸಂಸ್ಕಾರ’ ಬರೆಯಲು ಪ್ರೇರಣೆಯಾಯಿತು.

ಈಸ್ಟ್ ಆಂಗ್ಲಿಯಾ ಎಂದರೆ ಎಳೆಯ ವಯಸ್ಸಿನಲ್ಲಿ ಅಲ್ಲಿ ಕಲಿತ ಇಯಾನ್ ಮೆಕ್‌ಇವಾನ್, ಕಜುವೊ ಇಶಿಗುರೊ ನೆನಪಾಗುತ್ತಾರೆ. ತಡವಾಗಿ ಬಂದವರ ಹಾದಿ ನನಗೆ ಇನ್ನೂ ಹೆಚ್ಚು ಮುಖ್ಯವೆನಿಸುತ್ತದೆ. ಕಾದಂಬರಿಕಾರ್ತಿ ಕಿಟ್ ಡ ವಾಲ್ ಅವರನ್ನೇ ನೋಡಿ. ಅವರು ಬೆಳೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ; ತಾಯಿ ಐರಿಷ್, ತಂದೆ ಕೆರಿಬಿಯನ್. ಕೋರ್ಟು ಕಚೇರಿಗಳ ಕೆಲಸದಲ್ಲಿ, ಸಾಕುಪೋಷಣೆಗೆ ಹೋಗುವ ಮಕ್ಕಳ ವ್ಯವಹಾರದಲ್ಲಿ ವರ್ಷಗಟ್ಟಲೆ ತೊಡಗಿದ್ದವರು ನಲವತ್ತು ದಾಟಿದ ಮೇಲೆ ಬರವಣಿಗೆಗೆ ತೊಡಗಿ, ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದರು. ಸಾಕುಮನೆ ಸೇರುವ ಹುಡುಗನ ಕಥೆಯಾದ ಮೊದಲ ಕಾದಂಬರಿ ‘ಮೈ ನೇಮ್ ಈಸ್ ಲಿಯಾನ್’ 2016ರಲ್ಲಿ ಬಂತು. ಇಪ್ಪತ್ತೆರಡರ ವಯಸ್ಸಿನಲ್ಲಿ ಆ ಪುಸ್ತಕ ಬರೆಯಲು ಅವರಿಂದ ಆಗುತ್ತಿರಲಿಲ್ಲ. ಅಷ್ಟು ವರ್ಷಗಳ ಆ ಅನುಭವ ಅವರಿಗಿನ್ನೂ ಆಗಿರಲಿಲ್ಲ. ಪ್ರಕಾಶಕರು ಕೊಟ್ಟ ಮುಂಗಡ ಹಣದಲ್ಲಿ ಒಂದು ಪಾಲನ್ನು ಅವರು ಬರ್ಕ್‌ಬೆಕ್‌ನಲ್ಲಿ ಕೈ ಬಿಗಿಯಿರುವ ಬರಹಗಾರರ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು.

ತರಗತಿಯಲ್ಲಿ ನಡೆಯುವುದೇನು? ಇಂಥ ಕೋರ್ಸುಗಳ ಜೀವಾಳ ಕಮ್ಮಟ. ಸರದಿ ಬಂದವರು ತಮ್ಮ ಬರಹವನ್ನು ಮೊದಲೇ ಎಲ್ಲರಿಗೂ ಹಂಚಬೇಕು. ಉಳಿದವರು ಗೆರೆ ಎಳೆದು, ಅಂಚಿನಲ್ಲಿ ಟಿಪ್ಪಣಿ ಹಾಕಿಕೊಂಡು ಬರುತ್ತಾರೆ. ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ತೆರೆಯಬಾರದು ಎಂಬ ರೂಢಿ ಬಹಳ ಕಡೆ ಇದೆ. ಮನೆಯಲ್ಲೂ ಕಚೇರಿಯಲ್ಲೂ ತಮ್ಮ ಮಾತೇ ನಡೆದು ರೂಢಿಯಾದವರಿಗೆ ಇದು ಕಠಿಣ. ಮಗನ ವಯಸ್ಸಿನ ಸಹಪಾಠಿ, ‘ಮೊದಲ ಮೂರು ಪುಟ ಬೇಕಿಲ್ಲ’ ಅಂದಾಗ ಸುಮ್ಮನೆ ಬರೆದುಕೊಳ್ಳಬೇಕು. ಆದರೆ ನಡುವಯಸ್ಸಿನವರಿಗೆ ಬೇರೆಲ್ಲೂ ಸಿಗದ ವಸ್ತು ಇದು. ಮನೆಯವರು ಚೆನ್ನಾಗಿದೆ ಅನ್ನುತ್ತಾರೆ, ಗೆಳೆಯರು ಓದುವುದೇ ಇಲ್ಲ. ಇಲ್ಲಿ ಗೊತ್ತಾದ ದಿನಕ್ಕೆ ಪುಟ ಕೊಡಲೇಬೇಕು, ಓದುವವರು ಓದಿಯೇ ಬಂದಿರುತ್ತಾರೆ. ಪ್ರತಿಭೆಯನ್ನು ಯಾವ ವಿಶ್ವವಿದ್ಯಾಲಯವೂ ಕೊಡಲಾರದು ಎಂಬ ಆಕ್ಷೇಪ ನಿಜ. ಕಾದು ಕುಳಿತ ಓದುಗರನ್ನು ಅದು ಕೊಡಬಲ್ಲದು.

ತೊಡಕುಗಳೂ ಇವೆ. ಶುಲ್ಕ ದುಬಾರಿ. ಇಂಗ್ಲೆಂಡಿನ ಸ್ನಾತಕೋತ್ತರ ಸರ್ಕಾರಿ ಸಾಲ ಅರುವತ್ತು ತುಂಬಿದ ಮೇಲೆ ಕೋರ್ಸು ಸೇರುವವರಿಗೆ ಸಿಗುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆ ವಯಸ್ಸಿನ ಮೇಲೂ ಬರೆಯಬಲ್ಲವರಿದ್ದಾರೆ: ಕಾರು ಉದ್ಯಮದಿಂದ ನಿವೃತ್ತರಾದ ಆನ್ ಯಂಗ್‌ಸನ್ ಅವರ ಮೊದಲ ಕಾದಂಬರಿ 2018ರಲ್ಲಿ ಪ್ರಕಟವಾದಾಗ ಅವರಿಗೆ ಸುಮಾರು ಎಪ್ಪತ್ತು.

ಸಂಜೆ ಕಾಲೇಜು ನಮಗೇನೂ ಹೊಸದಲ್ಲ. ಹಗಲು ದುಡಿದು ಸಂಜೆ ಬಿ.ಕಾಂ., ಕಾನೂನು ಓದಿದವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಕಥಾ ಕಮ್ಮಟಗಳೂ ನಡೆಯುತ್ತವೆ, ಆದರೆ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತವೆ. ನಮ್ಮ ವಿಶ್ವವಿದ್ಯಾಲಯಗಳು ಇವೆರಡನ್ನೂ ಕೂಡಿಸಿ, ವಯಸ್ಸಿನ ಮಿತಿಯಿಲ್ಲದೆ, ಎರಡು ವರ್ಷದ ಕನ್ನಡ ಬರವಣಿಗೆಯ ಸಂಜೆ ತರಗತಿಯೊಂದನ್ನು ತೆರೆಯಲಿ.