ಶಾಲಾ ಪಾಠಗಳ ಹಂಚಿಕೆಗೆ ಮುಕ್ತ ತಂತ್ರಾಂಶ: ಆಯ್ಕೆಗೆ ಮುನ್ನ ಗಮನಿಸಬೇಕಾದುದೇನು?

ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯು ವಿದ್ಯಾಕೇಂದ್ರವಾಗಿಯೂ ನಾಡಿನಲ್ಲಿ ಮನ್ನಣೆ ಗಳಿಸಿದೆ. 1951ರಲ್ಲಿ ಯು.ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡವು. ಹಿಂದೆ ಶಾಲೆಗೆ ಕೊಠಡಿ, ಬೆಂಚು, ಗಡಿಯಾರ ಕೊಡುತ್ತಿದ್ದ ವರ್ತಕರು ಇಂದು ಗಣಕಯಂತ್ರಗಳನ್ನು ಕೊಡುತ್ತಿದ್ದಾರೆ. ಆದರೆ ಕೊಟ್ಟ ಗಣಕದಲ್ಲಿ ಯಾವ ತಂತ್ರಾಂಶವಿರಬೇಕು, ಶಿಕ್ಷಕರು ಸಿದ್ಧಪಡಿಸಿದ ಪಾಠಗಳು ಎಲ್ಲಿ ಉಳಿಯಬೇಕು ಎಂಬ ಪ್ರಶ್ನೆ ಆನೆಕೊಂಡದ ಶಾಲೆಗೂ ಹರಿಹರದ ಶಾಲೆಗೂ ಒಂದೇ ಆಗಿದೆ. ಇದಕ್ಕೆ ಉತ್ತರ ಕಂಡುಕೊಳ್ಳುವ ಹೊಣೆ ದಾನಿಗಳಿಗೂ ಆಡಳಿತ ಮಂಡಳಿಗಳಿಗೂ ಸೇರಿದ್ದು.

ಉಚಿತ ಬೇರೆ, ಮುಕ್ತ ಬೇರೆ

ಹಣ ಕೊಡದೆ ಸಿಗುವುದೆಲ್ಲವೂ ಮುಕ್ತ ತಂತ್ರಾಂಶವಲ್ಲ. ಬಳಸಲು, ಒಳಗಿನ ರಚನೆಯನ್ನು ಅಭ್ಯಸಿಸಲು, ತಿದ್ದಲು, ಇತರರಿಗೆ ಹಂಚಲು ಅನುಮತಿಯುಳ್ಳದ್ದು ಮಾತ್ರ ಮುಕ್ತ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿವೆ. ಆದರೆ ಅಲ್ಲಿ ತಯಾರಾದ ಲೇತ್‌ಗಳು ಇಂದಿಗೂ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. ಯಂತ್ರವನ್ನು ಬಿಚ್ಚಿ ನೋಡಿ ಸರಿಪಡಿಸಬಲ್ಲ ಕೆಲಸಗಾರರು ಊರೂರಿನಲ್ಲಿರುವುದೇ ಇದಕ್ಕೆ ಕಾರಣ. ಮುಕ್ತ ತಂತ್ರಾಂಶದ ತತ್ತ್ವವೂ ಇದೇ.

ಬಿಚ್ಚಲಾಗದ ತಂತ್ರಾಂಶವನ್ನು ನಂಬಿದವರು ನಷ್ಟ ಅನುಭವಿಸಿದ ನಿದರ್ಶನಗಳಿವೆ. ಅಡೋಬ್ ಸಂಸ್ಥೆಯು 2020ರ ಡಿಸೆಂಬರ್ 31ರಂದು ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದಾಗ, ಅದರಲ್ಲಿ ತಯಾರಿಸಿದ್ದ ಅಸಂಖ್ಯ ಪಾಠಗಳು ಬ್ರೌಸರ್‌ಗಳಲ್ಲಿ ತೆರೆಯದಾದವು. ಗೂಗಲ್ ಸಂಸ್ಥೆ ಶಿಕ್ಷಣ ಸಂಸ್ಥೆಗಳಿಗೆ ನೀಡಿದ್ದ ಮಿತಿಯಿಲ್ಲದ ಉಚಿತ ಸಂಗ್ರಹಣೆಯನ್ನು ಕೊನೆಗೊಳಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಇಂದು ಉಚಿತವಾದುದು ನಾಳೆಯೂ ಉಚಿತವಾಗಿಯೇ ಇರುತ್ತದೆಂಬ ಭರವಸೆ ಯಾವ ಕರಾರಿನಲ್ಲೂ ಇರುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳು ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದನ್ನು ಅಂಗಡಿ, ಕಚೇರಿಗಳಲ್ಲಿ ಕನ್ನಡ ಬಳಸುವವರೆಲ್ಲ ಬಲ್ಲರು. ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ಯೂನಿಕೋಡ್‌ನಲ್ಲಿದ್ದರೆ ಮಾತ್ರ ಅವುಗಳನ್ನು ಹುಡುಕಲು, ಹಂಚಲು, ಮೊಬೈಲಿನಲ್ಲಿ ಓದಲು ಸಾಧ್ಯ.

ನಾಡಿನ ಅನುಭವ

ಕರ್ನಾಟಕದಲ್ಲಿ ಈ ದಾರಿ ಹೊಸದಲ್ಲ. 2011ರಿಂದ ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆಗಳು ರೂಪುಗೊಂಡವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಉಬುಂಟು ಮೊದಲಾದ ಮುಕ್ತ ತಂತ್ರಾಂಶಗಳಲ್ಲಿ ತರಬೇತಿ ನೀಡಲಾಯಿತು. 2013ರಲ್ಲಿ ಡಿ.ಎಸ್.ಇ.ಆರ್.ಟಿ.ಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯನ್ನು ಆರಂಭಿಸಿತು. ವಿಕಿಪೀಡಿಯಕ್ಕೆ ಆಧಾರವಾಗಿರುವ ಮೀಡಿಯಾವಿಕಿಯನ್ನೇ ಅದು ಬಳಸಿಕೊಂಡು, ಕನ್ನಡ ಮತ್ತು ಇಂಗ್ಲಿಷ್‌ಗಳಲ್ಲಿ ಶಿಕ್ಷಕರೇ ಬರೆದು ತಿದ್ದಬಹುದಾದ ಪಾಠಗಳನ್ನು ಒದಗಿಸಿತು.

ನೆರೆಯ ಕೇರಳವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಶಾಲೆಗಳನ್ನು ಗ್ನೂ/ಲಿನಕ್ಸ್‌ಗೆ ಒಯ್ದಿತು. 2017ರಲ್ಲಿ ಅದೇ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಕೇಂದ್ರದ ದೀಕ್ಷಾ ವೇದಿಕೆಯೂ 2017ರಲ್ಲಿ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆಯೇ ನಿರ್ಮಾಣವಾಯಿತು.

ಯಾವುದಕ್ಕೆ ಯಾವುದು?

ತರಗತಿವಾರು ಪಾಠ, ಪರೀಕ್ಷೆ, ಮನೆಗೆಲಸಗಳನ್ನು ನಿರ್ವಹಿಸಬೇಕಾದ ದೊಡ್ಡ ಶಾಲೆಗೆ 2002ರಲ್ಲಿ ಬಿಡುಗಡೆಯಾದ ಮೂಡಲ್ ಸೂಕ್ತ. ಅಂತರ್ಜಾಲ ಸಂಪರ್ಕ ನೆಚ್ಚಲಾಗದ ಗ್ರಾಮೀಣ ಶಾಲೆಗೆ ಕೊಲಿಬ್ರಿ ಉತ್ತಮ. ಒಂದು ಗಣಕದಲ್ಲಿ ಪಾಠಗಳನ್ನು ತುಂಬಿಟ್ಟರೆ ಉಳಿದವು ಶಾಲೆಯ ಒಳಜಾಲದಿಂದಲೇ ಅವನ್ನು ಪಡೆಯುತ್ತವೆ. ಹಲವು ಶಾಲೆಗಳ ಶಿಕ್ಷಕರು ಕೂಡಿ ಬರೆಯುವುದಾದರೆ ಮೀಡಿಯಾವಿಕಿ ಹೊಂದುತ್ತದೆ. ಚಿಕ್ಕ ಶಾಲೆಗೆ ಇವಾವುವೂ ಬೇಡ. ಲಿಬ್ರೆಆಫೀಸ್ ಮತ್ತು ಎಲ್ಲರಿಗೂ ತೆರೆದ ಒಂದು ಹಂಚಿಕೆಯ ಕಡತಕೋಶ ಸಾಕು.

ಗಣಕ ದಾನ ಮಾಡುವವರಿಗೆ ಒಂದು ಮಾತು ಮುಖ್ಯ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಗಣಕಗಳನ್ನು ಗುಜರಿಗೆ ಹಾಕಬೇಕಿಲ್ಲ. ಹಗುರವಾದ ಲಿನಕ್ಸ್ ಅಳವಡಿಸಿದರೆ ಅವು ಶಾಲೆಗಳಲ್ಲಿ ಇನ್ನಷ್ಟು ವರ್ಷ ದುಡಿಯಬಲ್ಲವು.

ಖರ್ಚಿನ ಲೆಕ್ಕ

ಪರವಾನಗಿ ಶುಲ್ಕವಿಲ್ಲವೆಂದ ಮಾತ್ರಕ್ಕೆ ವೆಚ್ಚವೇ ಇಲ್ಲವೆಂದು ಭಾವಿಸಬಾರದು. ಶಿಕ್ಷಕರ ತರಬೇತಿ, ಯು.ಪಿ.ಎಸ್., ದುರಸ್ತಿ, ಪಾಠಗಳ ಪ್ರತಿ ಕಾದಿಡುವ ವ್ಯವಸ್ಥೆ ಇವುಗಳಿಗೆ ಹಣ ಬೇಕು. ಕೆಲವು ಪ್ರಿಂಟರ್‌ಗಳು ಲಿನಕ್ಸ್‌ನೊಡನೆ ಸುಲಭವಾಗಿ ಹೊಂದುವುದಿಲ್ಲ. ವಾಣಿಜ್ಯ ವಿದ್ಯಾರ್ಥಿಗಳಿಗೆ ಟ್ಯಾಲಿ ಕಲಿಸುವ ಸಂಸ್ಥೆಗಳು ಅದಕ್ಕಾಗಿ ಕೆಲವು ವಿಂಡೋಸ್ ಗಣಕಗಳನ್ನು ಉಳಿಸಿಕೊಳ್ಳುವುದೇ ವಿವೇಕ. ಶುಲ್ಕದಲ್ಲಿ ಉಳಿದ ಹಣವನ್ನು ತರಬೇತಿಗೆ ವಿನಿಯೋಗಿಸದ ಶಾಲೆಯಲ್ಲಿ ಎಂತಹ ತಂತ್ರಾಂಶವಾದರೂ ಧೂಳು ಹಿಡಿಯುತ್ತದೆ.

ಕಂಪನಿ ಕಾಯ್ದೆ 2013ರ 135ನೇ ಕಲಂ ಅನ್ವಯವಾಗುವ ಉದ್ದಿಮೆಗಳ ಸಾಮಾಜಿಕ ಹೊಣೆಗಾರಿಕೆಯ ಬಾಬ್ತುಗಳಲ್ಲಿ ಶಿಕ್ಷಣವೂ ಸೇರಿದೆ. ಅಂತಹ ನೆರವು ಯಂತ್ರದ ಬೆಲೆಗಷ್ಟೇ ನಿಲ್ಲದೆ, ಮೂರು ವರ್ಷಗಳ ನಿರ್ವಹಣೆಯನ್ನೂ ಒಳಗೊಂಡರೆ ಸಾರ್ಥಕ. ನಗರದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ನಿರ್ವಹಣೆಯೇ ಒಳ್ಳೆಯ ಪ್ರಾಯೋಗಿಕ ಪಾಠವಾದೀತು.

ಸಹಿ ಹಾಕುವ ಮುನ್ನ

ಆಡಳಿತ ಮಂಡಳಿಗಳು ಮಾರಾಟಗಾರರನ್ನು ಐದು ಪ್ರಶ್ನೆ ಕೇಳಬೇಕು. ಕರಾರು ಮುಗಿದ ಮೇಲೆ ಪಾಠಗಳನ್ನು ಬೇರೆಡೆ ತೆರೆಯಬಹುದಾದ ರೂಪದಲ್ಲಿ ಹೊರತೆಗೆಯಬಹುದೇ? ಕನ್ನಡ ಯೂನಿಕೋಡ್ ಸರಿಯಾಗಿ ಮೂಡುತ್ತದೆಯೇ? ಅಂತರ್ಜಾಲವಿಲ್ಲದೆ ನಡೆಯುತ್ತದೆಯೇ? ಕೆಟ್ಟರೆ ದಾವಣಗೆರೆಯಲ್ಲೇ ಸರಿಪಡಿಸುವವರುಂಟೇ? ಮಕ್ಕಳ ಮಾಹಿತಿ ಯಾರ ವಶದಲ್ಲಿರುತ್ತದೆ? ಕೊನೆಯ ಪ್ರಶ್ನೆ ಕೇವಲ ಔಪಚಾರಿಕವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆ ವಿಧಿಸಿದೆ.

ಶಿಕ್ಷಕರು ವರ್ಷಗಟ್ಟಲೆ ಶ್ರಮಿಸಿ ರೂಪಿಸಿದ ಪಾಠಗಳು ಶಾಲೆಯ ಆಸ್ತಿ. ಕಟ್ಟಡದ ದಾಖಲೆಪತ್ರಗಳನ್ನು ಪರರ ಕೈಗೆ ಕೊಡದ ಆಡಳಿತ ಮಂಡಳಿಗಳು ಈ ಆಸ್ತಿಯ ಬಗೆಗೂ ಅಷ್ಟೇ ಎಚ್ಚರ ವಹಿಸುವುದು ಅಗತ್ಯ.