ಅಂಗಸಾಧನೆಗೂ ಡಂಗುರ ಬೇಕೆ?

ಕನ್ನಡ ಪಾಠ ಹೇಳುವ ಮೇಷ್ಟರಲ್ಲಿಗೆ ಜನರು ಯಾವ ಯಾವ ಕೆಲಸಕ್ಕೆ ಬರುವರೆಂಬುದನ್ನು ಬರೆಯಹೊರಟರೆ ಒಂದು ಹರಟೆಯ ಪುಸ್ತಕವೇ ಆದೀತು. ಮದುವೆಯ ಕರೆಯೋಲೆಗೆ ನಾಲ್ಕು ಸಾಲು, ನಿವೃತ್ತರಾದವರಿಗೆ ಒಂದು ಬಿನ್ನವತ್ತಳೆ, ಹುಟ್ಟಿದ ಮಗುವಿಗೊಂದು ಹೆಸರು—ಇವೆಲ್ಲ ನನಗೆ ರೂಢಿಯಾದ ಬೇಡಿಕೆಗಳೇ. ಆದರೆ ಈಚೆಗೆ ಒಂದು ಭಾನುವಾರ ಬಂದ ಬೇಡಿಕೆ ಹೊಸ ಬಗೆಯದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಒಂದೊಂದು ತೋಳೂ ನನ್ನ ತೊಡೆಯಷ್ಟಿರುವ ಯುವಕನು, ಹೊಸ್ತಿಲಲ್ಲಿ ಸಂಕೋಚದಿಂದ ನಿಂತು, “ಸಾರ್, ನನಗೊಂದು ಕರಪತ್ರ ಬರೆದುಕೊಡಬೇಕು” ಎಂದನು.

ಊರಿನ ಹೊಸ ಬಡಾವಣೆಯಲ್ಲಿ ಅವನು ಜಿಮ್ ತೆರೆದು ಆರು ತಿಂಗಳಾಗಿದ್ದಿತು. ಈಗಿನವರ ಮಾತಿನಲ್ಲಿ ಅವನು ‘ಪರ್ಸನಲ್ ಟ್ರೈನರ್’. ಎಂದರೆ, ಬಂದವರ ವಯಸ್ಸು, ಮೈಕಟ್ಟು, ಬೇನೆಬೇಸರಿಕೆಗಳನ್ನು ವಿಚಾರಿಸಿ, ಒಬ್ಬೊಬ್ಬರಿಗೂ ತಕ್ಕ ಸಾಧನೆಯನ್ನು ಪಕ್ಕದಲ್ಲೇ ನಿಂತು ಹೇಳಿಕೊಡುವವನು. ಅವನಿಗೆ ವಿದ್ಯೆಯ ಕೊರತೆಯಿರಲಿಲ್ಲ, ಶಿಷ್ಯರ ಕೊರತೆಯಿದ್ದಿತು. ಅದೇ ಬೀದಿಯಲ್ಲಿ ಇನ್ನೆರಡು ಜಿಮ್ಮುಗಳು. ಕಬ್ಬಿಣದ ಸಾಮಾನಿಗಾಗಿ ಮಾಡಿದ ಸಾಲದ ಕಂತು ತಿಂಗಳು ತಿಂಗಳೂ ತಪ್ಪದೆ ಬರುತ್ತಿದ್ದಿತು. ಜನ ಮಾತ್ರ ಬರುತ್ತಿರಲಿಲ್ಲ. ಇನ್ನು ಮೂರು ತಿಂಗಳು ನೋಡಿ ಬಾಗಿಲು ಹಾಕಬೇಕೆಂದಿದ್ದನು.

ಮಾದರಿಯೊಂದನ್ನು ಅವನೇ ತಂದಿದ್ದನು. ಎಡಗಡೆ ತಲೆ ತಗ್ಗಿಸಿ ನಿಂತ ನರಪೇತಲ ಹುಡುಗನ ಚಿತ್ರ. ಬಲಗಡೆ ತೋಳು ಮಡಿಸಿ ನಿಂತ ಅವನ ಚಿತ್ರ. ಕೆಳಗೆ, “ನೀವಿನ್ನೂ ಹೀಗೆಯೇ ಇದ್ದೀರಾ? ನಾಚಿಕೆಯಾಗುವುದಿಲ್ಲವೆ?”

ಆ ಎಡಗಡೆಯ ಹುಡುಗನನ್ನು ನಾನು ಬಲ್ಲೆ. ಹೈಸ್ಕೂಲಿನಲ್ಲಿ ನನ್ನ ಹೆಸರು ‘ಕಡ್ಡಿ ಪೈಲ್ವಾನ್’ ಎಂದಿತ್ತು. ಆಟದ ಪೀರಿಯಡ್ಡು ಬಂದಿತೆಂದರೆ ನಾನು ಲೈಬ್ರರಿಯ ಮೂಲೆ ಸೇರುತ್ತಿದ್ದೆ. ಕನ್ನಡ ಎಂ.ಎ. ಆದುದಕ್ಕೆ ಅದೂ ಒಂದು ಕಾರಣವಿದ್ದೀತು! ಆದರೆ ಆ ಹೆಸರು ನನ್ನನ್ನು ಒಂದು ದಿನವಾದರೂ ಗರಡಿಗೆ ಕಳುಹಿಸಲಿಲ್ಲ. ಮೈದಾನದಿಂದ ಓಡಿಸಿತು, ಅಷ್ಟೆ. “ಒಂದು ವಾರ ಸಮಯ ಕೊಡಪ್ಪ” ಎಂದು ಹೇಳಿ ಅವನನ್ನು ಕಳುಹಿಸಿದೆ. ಹಿಂದಿನವರು ಈ ವಿದ್ಯೆಗೆ ಹೇಗೆ ಡಂಗುರ ಹೊಡೆದರೆಂದು ನೋಡುವ ಕುತೂಹಲ ಹುಟ್ಟಿತು.

ಸಭಿಕರ ನಡುವಿನಿಂದ ಎದ್ದ ಮಲ್ಲ

ತೋಳಿಲ್ಲದ ಬನಿಯನ್ನನ್ನು ನಮ್ಮ ಅಂಗಡಿಗಳಲ್ಲಿ ಇಂದಿಗೂ ‘ಸ್ಯಾಂಡೊ ಬನಿಯನ್’ ಎಂದೇ ಕೇಳುತ್ತೇವೆ. ಆ ಹೆಸರಿನ ಯೂಜೀನ್ ಸ್ಯಾಂಡೊ 1867ರಲ್ಲಿ ಪ್ರಷ್ಯದ ಕ್ಯೋನಿಗ್ಸ್‌ಬರ್ಗಿನಲ್ಲಿ ಹುಟ್ಟಿದವನು. 1889ರಲ್ಲಿ ಲಂಡನ್ನಿನ ರಂಗಶಾಲೆಯೊಂದರಲ್ಲಿ ಸ್ಯಾಂಪ್ಸನ್ ಎಂಬ ಬಲಶಾಲಿಯು, ತನ್ನನ್ನು ಸರಿಗಟ್ಟುವವರಿಗೆ ಬಹುಮಾನವೆಂದು ರಾತ್ರಿ ರಾತ್ರಿ ಸವಾಲು ಹಾಕುತ್ತಿದ್ದನು. ಒಂದು ರಾತ್ರಿ ಸಭಿಕರ ನಡುವಿನಿಂದ ಸಭ್ಯ ಗೃಹಸ್ಥನಂತೆ ಉಡುಪು ಧರಿಸಿದ್ದ ಯುವಕನೊಬ್ಬ ಎದ್ದು ರಂಗಕ್ಕೆ ನಡೆದ. ಮೇಲುಡುಪು ಕಳಚಿದಾಗ ಒಳಗಿನ ಮೈಕಟ್ಟನ್ನು ಕಂಡು ಸಭೆ ಬೆರಗಾಯಿತು. ಸ್ಯಾಂಪ್ಸನ್ನನ ಹಣದಿಂದ, ಸ್ಯಾಂಪ್ಸನ್ನನ ರಂಗದಲ್ಲಿಯೇ, ಸ್ಯಾಂಡೊ ತನ್ನ ಹೆಸರನ್ನು ಸಾರಿಕೊಂಡುಬಿಟ್ಟನು.

ಮೈ ತೋರಿಸಿ ಗಳಿಸಿದ ಕೀರ್ತಿಯನ್ನು ಅವನು ಕಲಿಸುವ ಕಡೆಗೆ ತಿರುಗಿಸಿದುದು ಆಮೇಲೆ. 1897ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮಶಾಲೆ, ಮರುವರ್ಷ ಮಾಸಪತ್ರಿಕೆ. 1901ರಲ್ಲಿ ಅವನ ಮೈಯ ಅಚ್ಚನ್ನು ಗಾರೆಯಲ್ಲಿ ತೆಗೆಸಿ ಅಲ್ಲಿನ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದವರು ಇಟ್ಟುಕೊಂಡರು. ಅದೇ ವರ್ಷದ ಸೆಪ್ಟೆಂಬರ್ 14ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತನ್ನ ಪದ್ಧತಿಯಲ್ಲಿ ಸಾಧನೆ ಮಾಡಿದವರ ಅಂಗಸೌಷ್ಠವದ ಸ್ಪರ್ಧೆಯೊಂದನ್ನು ಸ್ಯಾಂಡೊ ಏರ್ಪಡಿಸಿದನು. ಷರ್ಲಾಕ್ ಹೋಮ್ಸನ ಜನಕ ಆರ್ಥರ್ ಕಾನನ್ ಡಾಯ್ಲ್ ತೀರ್ಪುಗಾರರಲ್ಲೊಬ್ಬರು. ತೋಳಿನ ಗಾತ್ರವೊಂದನ್ನೇ ನೋಡದೆ, ಅಂಗಾಂಗಗಳ ಹೊಂದಿಕೆ, ಚರ್ಮದ ಕಾಂತಿ, ಒಟ್ಟು ಆರೋಗ್ಯ ಎಲ್ಲವನ್ನೂ ತೂಗಿ, ನಾಟಿಂಗ್‌ಹ್ಯಾಮಿನ ವಿಲಿಯಂ ಮರ್ರೆ ಎಂಬಾತನಿಗೆ ಬಹುಮಾನ ಕೊಟ್ಟರು. ಬಹುಮಾನವಾದರೂ ಏನು? ಹೊಂಬಣ್ಣದ ಸ್ಯಾಂಡೊನ ಪ್ರತಿಮೆಯೇ!

ನಗು ಬರಬಹುದು. ಆದರೆ ಗುರುವು ತನ್ನ ತೋಳನ್ನು ಬದಿಗಿಟ್ಟು ಶಿಷ್ಯರನ್ನು ರಂಗಕ್ಕೆ ತಂದುದು ದೊಡ್ಡ ಮಾತು.

ನಮ್ಮ ಗರಡಿ, ನಮ್ಮ ಅಯ್ಯರ್

ಈ ಗುಟ್ಟನ್ನು ನಮ್ಮ ಗರಡಿಮನೆಯ ವಸ್ತಾದರು ಮೊದಲೇ ಅರಿತಿದ್ದರು. ಗರಡಿಯ ಗೋಡೆಯ ಮೇಲೆ ಆಂಜನೇಯನ ಪಟವಿದ್ದೀತು. ವಸ್ತಾದರ ಪಟ ಹೊರಬಾಗಿಲಲ್ಲಿ ಇರುತ್ತಿರಲಿಲ್ಲ. ಆದರೆ ಕುಸ್ತಿಯ ಭಿತ್ತಿಪತ್ರದಲ್ಲಿ ಪೈಲ್ವಾನನ ಹೆಸರಿನೊಡನೆ ಅವನ ಗರಡಿಯ ಹೆಸರೋ ಗುರುವಿನ ಹೆಸರೋ ಅಚ್ಚಾಗುವುದು ವಾಡಿಕೆ. ಶಿಷ್ಯನು ಮಟ್ಟಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಅದೇ ಗುರುವಿನ ಜಾಹೀರಾತು.

ಸ್ಯಾಂಡೊ 1904–05ರಲ್ಲಿ ಭಾರತಕ್ಕೂ ಬಂದುಹೋದನು. ಗರಡಿಯ ಸಾಮು, ಸೂರ್ಯನಮಸ್ಕಾರ, ಪಶ್ಚಿಮದ ಭಾರ ಎತ್ತುವ ಕ್ರಮ—ಇವನ್ನು ಒಂದುಗೂಡಿಸಿ ಬೆಂಗಳೂರಿನಲ್ಲಿ ಹೊಸ ಸಂಪ್ರದಾಯವನ್ನೇ ಕಟ್ಟಿದವರು ಕೆ. ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಅವರನ್ನು ಬಲ್ಲ ವಾಚಕರಲ್ಲಿ ಎಷ್ಟೋ ಮಂದಿಗೆ, ಅವರ ಮೈಯೂ ಒಂದು ಕೃತಿಯಾಗಿದ್ದಿತೆಂಬುದು ತಿಳಿದಿರಲಾರದು. ಶಿಲ್ಪದಂತಹ ತಮ್ಮ ಭಾವಚಿತ್ರಗಳನ್ನು ಅವರು ವಿದೇಶದ ವ್ಯಾಯಾಮ ಪತ್ರಿಕೆಗಳಿಗೆ ಕಳುಹಿಸಿದರು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಹೊರತಂದರು. ಅಂಚೆಯ ಮೂಲಕ ದೂರದೂರದವರಿಗೆ ಪಾಠ ಕಳುಹಿಸಿದರು. ಯೋಗಾಚಾರ್ಯ ಸುಂದರಂ ಅವರೊಡನೆ ಊರೂರು ಸುತ್ತಿ ಉಪನ್ಯಾಸ-ಪ್ರದರ್ಶನ ನಡೆಸುತ್ತಿದ್ದುದೂ ಉಂಟು: ಒಬ್ಬರದು ಆಸನ, ಇನ್ನೊಬ್ಬರದು ಮಾಂಸಖಂಡಗಳ ವಿಲಾಸ. ನೋಡಬಂದವರು ಕಲಿಯುವ ಆಸೆಯನ್ನು ಹೊತ್ತು ಮನೆಗೆ ಹೋಗುತ್ತಿದ್ದರು.

ಇಷ್ಟಕ್ಕೇ ನಿಲ್ಲದೆ ಅಯ್ಯರ್ ‘ರವಿ ಕಲಾವಿದರು’ ಎಂಬ ನಾಟಕತಂಡವನ್ನೂ ಕಟ್ಟಿದರು. ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತಮಿತ್ರರು. ಹೀಗಾಗಿ ಅವರ ವ್ಯಾಯಾಮಶಾಲೆ ಬೆವರಿನ ಕೋಣೆ ಮಾತ್ರವಾಗಿ ಉಳಿಯಲಿಲ್ಲ; ನಾಲ್ಕು ಜನ ರಸಿಕರು ಕೂಡುವ ಮನೆಯಾಯಿತು. ಅಂತಹ ಮನೆಗೆ ಬಾ ಎಂದು ಕೂಗಿ ಕರೆಯಬೇಕಾಗಿಲ್ಲ.

ನಾಚಿಕೆಯ ವ್ಯಾಪಾರ

ಅಂಚೆಯ ಪಾಠವನ್ನು ಜಗದ್ವ್ಯಾಪಾರವನ್ನಾಗಿ ಮಾಡಿದವನು ಅಮೆರಿಕದ ಚಾರ್ಲ್ಸ್ ಅಟ್ಲಾಸ್. 1892ರಲ್ಲಿ ಇಟಲಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನ್ಯೂಯಾರ್ಕಿಗೆ ಬಂದ ಇವನ ನಿಜನಾಮ ಏಂಜಲೊ ಸಿಸಿಲಿಯಾನೊ. 1921, 1922ರಲ್ಲಿ ವ್ಯಾಯಾಮ ಪತ್ರಿಕೆಯೊಂದರ ಸ್ಪರ್ಧೆಗಳಲ್ಲಿ ಗೆದ್ದು ಪಾಠಮಾಲೆ ಆರಂಭಿಸಿದನು, ವ್ಯಾಪಾರ ಕುದುರಲಿಲ್ಲ. 1928ರಲ್ಲಿ ಚಾರ್ಲ್ಸ್ ರೋಮನ್ ಎಂಬ ಯುವ ಜಾಹೀರಾತುಗಾರನ ಕೈಗೆ ಅದು ಬಂದ ಮೇಲೆ ನಡೆದುದು ಜಾಹೀರಾತಿನ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಒಂದು ಪುಟ್ಟ ಚಿತ್ರಕಥೆ: ಕಡಲತೀರದಲ್ಲಿ ಕುಳಿತ ಬಡಕಲ ಯುವಕನ ಮುಖಕ್ಕೆ ದಾಂಡಿಗನೊಬ್ಬ ಮರಳೆರಚುತ್ತಾನೆ, ಜೊತೆಯ ಹುಡುಗಿಯ ಮುಂದೆ ಮಾನ ಹೋಗುತ್ತದೆ, ಯುವಕ ಪಾಠಗಳನ್ನು ತರಿಸಿ ಸಾಧನೆ ಮಾಡಿ, ಹಿಂದಿರುಗಿ ದಾಂಡಿಗನಿಗೆ ಗುದ್ದುತ್ತಾನೆ. ‘97 ಪೌಂಡಿನ ಬಡಕಲ’, ಎಂದರೆ ಸುಮಾರು 44 ಕಿಲೋ ತೂಕದವನು, ಮನೆಮಾತಾದನು. ಮಕ್ಕಳ ಚಿತ್ರಪತ್ರಿಕೆಗಳಲ್ಲಿ ಈ ಕಥೆ ದಶಕಗಳ ಕಾಲ ಅಚ್ಚಾಯಿತು.

ಅಟ್ಲಾಸನ ಪಾಠದಲ್ಲಿ ಗುಣವಿರಲಿಲ್ಲವೆಂದು ಹೇಳಲಾಗದು. ಉಪಕರಣಗಳಿಲ್ಲದೆ ಬಡವನೂ ಮನೆಯಲ್ಲಿ ಮಾಡಬಹುದಾದ ಸಾಧನೆಯದು. ಆದರೆ ಅದನ್ನು ಮಾರಿದ ಮಾತು ನಾಚಿಕೆಯದು. ಆ ಚಿತ್ರವನ್ನು ನೋಡಿ ಪಾಠ ತರಿಸಿದವರು ಲೆಕ್ಕಕ್ಕೆ ಸಿಕ್ಕಾರು. ನೋಡಿ ತಲೆ ತಗ್ಗಿಸಿ ಪುಟ ಮಗುಚಿದ ಹುಡುಗರನ್ನು ಯಾರು ಎಣಿಸಿದರು? ನನ್ನ ಶಿಷ್ಯನು ತಂದಿದ್ದ ಮಾದರಿ ಈ ಚಿತ್ರಕಥೆಯ ಮರಿಮಗನೇ ಸರಿ. ಇಂದು ಮೊಬೈಲಿನ ಪರದೆಯ ಮೇಲೆ ಓಡುವ ‘ಮೊದಲು—ಆಮೇಲೆ’ ಚಿತ್ರಗಳದೂ ಬಹುಮಟ್ಟಿಗೆ ಅದೇ ವಂಶ.

ನಾಯಿಯೊಂದು ಮಾಡಿದ ಉಪಕಾರ

ಬೇರೆ ದಾರಿಯನ್ನು ತೋರಿಸಿದವನು ಜಾಕ್ ಲಾಲೇನ್. 1936ರಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ವ್ಯಾಯಾಮಶಾಲೆ ತೆರೆದಾಗ ಅವನಿಗೂ ಜನರಿರಲಿಲ್ಲ; ಭಾರ ಎತ್ತಿದರೆ ಹೃದಯ ಕೆಡುತ್ತದೆಂದು ವೈದ್ಯರೇ ಹೆದರಿಸುತ್ತಿದ್ದ ಕಾಲ. ಅವನು ಹೈಸ್ಕೂಲಿಗೆ ಹೋಗಿ ಅತಿ ದಪ್ಪನಾದ, ಅತಿ ತೆಳ್ಳಗಿನ ಹುಡುಗರನ್ನು ಗುರುತಿಸಿ, ಅವರ ತಂದೆತಾಯಿಯರ ಮನೆಬಾಗಿಲಿಗೆ ನಡೆದು, ಮಗನ ಮೈ ಸುಧಾರಿಸದಿದ್ದರೆ ಹಣ ಹಿಂದಿರುಗಿಸುವೆನೆಂದು ಮಾತು ಕೊಟ್ಟನು. ಸೋತರೆ ನಷ್ಟ ಗುರುವಿನದು!

1951ರಲ್ಲಿ ಅವನು ದೂರದರ್ಶನದಲ್ಲಿ ವ್ಯಾಯಾಮ ಕಲಿಸತೊಡಗಿದನು. ಗೃಹಿಣಿಯರನ್ನು ಪರದೆಯ ಮುಂದೆ ತರುವುದು ಹೇಗೆ? ‘ಹ್ಯಾಪಿ’ ಎಂಬ ಬಿಳಿಯ ನಾಯಿಯೊಂದನ್ನು ಜೊತೆಗಿಟ್ಟುಕೊಂಡನು. ನಾಯಿಯನ್ನು ನೋಡಲು ಮಕ್ಕಳು ಬರುವರು. “ಹೋಗಿ ಅಮ್ಮನನ್ನು ಕರೆತನ್ನಿ” ಎಂದು ಮಕ್ಕಳಿಗೆ ಅವನು ಹೇಳುವನು. ತಾಯಂದಿರು ಬಂದ ಮೇಲೆ ಮನೆಯ ಕುರ್ಚಿಯನ್ನೇ ಹಿಡಿದು ಪಾಠ. 1959ರಿಂದ ದೇಶಕ್ಕೆಲ್ಲ ಹರಡಿದ ಆ ಕಾರ್ಯಕ್ರಮ 1985ರವರೆಗೆ ನಡೆಯಿತು. ನಡುನಡುವೆ ಸಾಹಸಗಳೂ ಇದ್ದವು: 1955ರಲ್ಲಿ ಕೈಗೆ ಬೇಡಿ ಹಾಕಿಕೊಂಡು ಆಲ್ಕಟ್ರಾಜ್ ದ್ವೀಪದಿಂದ ಈಜಿ ಬಂದನು, 1984ರಲ್ಲಿ, ತನ್ನ 70ನೆಯ ವರ್ಷದಲ್ಲಿ, 70 ದೋಣಿಗಳನ್ನು ಕಟ್ಟಿ ಎಳೆಯುತ್ತ ಈಜಿದನು. ಸಾಹಸವನ್ನು ಕಂಡು ಊರು ಬೆರಗಾಯಿತು, ನಿಜ. ಆದರೆ ಮನೆಯಾಕೆಯನ್ನು ಎದ್ದು ನಿಲ್ಲಿಸಿದುದು ಆ ಕುರ್ಚಿ. ಏಕೆಂದರೆ ಅದು ಆಕೆಯ ಮನೆಯಲ್ಲಿಯೂ ಇದ್ದಿತು.

ಕುರ್ಚಿಯ ಸವಾಲು

ಮುಂದಿನ ಭಾನುವಾರ ಶಿಷ್ಯನು ಬಂದಾಗ ಈ ಕಥೆಗಳನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ಫೋಟೊ ಬೇಡವೇ ಸಾರ್?” ಎಂದನು. ಆ ಫೋಟೊದ ಹಿಂದೆ ಹತ್ತು ವರ್ಷದ ಬೆವರಿದ್ದಿತು. ಬೇಡವೆನ್ನಲು ನನಗೂ ಮನಸ್ಸು ಬರಲಿಲ್ಲ. “ಇರಲಿ, ಒಳಗಿನ ಗೋಡೆಯ ಮೇಲೆ ಇರಲಿ. ಹೊರಗೆ ಒಂದು ಕುರ್ಚಿ ಇಡು” ಎಂದೆ.

ಈಗ ಅವನ ಬಾಗಿಲ ಪಕ್ಕದಲ್ಲಿ, ಗೋಡೆಗೆ ಒರಗಿಸಿದ ಒಂದು ಮರದ ಕುರ್ಚಿಯಿದೆ. ಮೇಲೊಂದು ಹಲಗೆ: “ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕುಳಿತೀರಿ? ಒಳಗೆ ಬಂದು ಹೇಳಿ, ಕಾಫಿ ನಮ್ಮದು.” ವೃದ್ಧರ ಕಾಲಿನ ಬಲವನ್ನು ಅಳೆಯಲು ವೈದ್ಯರೂ ಬಳಸುವ ಪರೀಕ್ಷೆಯಿದು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತರೆಂದು ಎಣಿಸುತ್ತಾರೆ. ಬೀಳದಂತೆ ನೋಡಿಕೊಳ್ಳಲು ಶಿಷ್ಯನು ಪಕ್ಕದಲ್ಲಿಯೇ ನಿಲ್ಲುತ್ತಾನೆ. ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನ ನಡೆಯುವಾಗ, ಮೇಲಿನವರ ಅಪ್ಪಣೆ ಪಡೆದು, ನಾವು ಮೇಷ್ಟರುಗಳು ಚಹ ಕುಡಿಯುವ ಹೊತ್ತಿನಲ್ಲಿ ಬಂದು ಬಗ್ಗಿದ ಕತ್ತುಗಳಿಗೆ ಐದು ನಿಮಿಷದ ಸಾಧನೆಯನ್ನೂ ಹೇಳಿಕೊಟ್ಟನು. ಯಾರಿಂದಲೂ ಕಾಸು ಕೇಳಲಿಲ್ಲ.

ಕರಪತ್ರವನ್ನೂ ಬರೆದೆ. ಅವನು ಎಲ್ಲಿ ಕಲಿತನು, ಸಮಯವೇನು, ಶುಲ್ಕವೆಷ್ಟು, ಮೊದಲ ಪಾಠ ಉಚಿತ, ಹೃದ್ರೋಗವಿದ್ದವರು ವೈದ್ಯರನ್ನು ಕೇಳಿ ಬರತಕ್ಕದ್ದು—ಇಷ್ಟೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಧನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಮಾತನ್ನು ಕೆಳಗೆ ಸೇರಿಸಿದೆ. ‘ನಾಚಿಕೆ’ ಎಂಬ ಪದ ಎಲ್ಲಿಯೂ ಬರಲಿಲ್ಲ.

ಅವನ ಸಾಲ ತೀರಿತೆಂದು ಬರೆದು ಈ ಲೇಖನಕ್ಕೆ ಮಂಗಳ ಹಾಡುವ ಆಸೆ ನನಗೂ ಇದೆ; ಆದರೆ ಅದು ಸುಳ್ಳಾದೀತು. ಮೊದಲ ತಿಂಗಳು ಬಂದವರು ಒಂಬತ್ತು ಮಂದಿ. ಅವರಲ್ಲಿ ಐವರು 60 ದಾಟಿದವರು. ಬಾಗಿಲು ಹಾಕುವ ಮಾತನ್ನು ಅವನು ಸದ್ಯಕ್ಕೆ ಎತ್ತುತ್ತಿಲ್ಲ. ಹತ್ತನೆಯವನು, ಹೈಸ್ಕೂಲಿನ ಆಟದ ಪೀರಿಯಡ್ಡಿಗೆ ಇಪ್ಪತ್ತು ವರ್ಷ ತಡವಾಗಿ ಬಂದ ಒಬ್ಬ ಕನ್ನಡ ಮೇಷ್ಟರು. ಮೊದಲ ದಿನ ಆ ಕುರ್ಚಿಯಿಂದ ಹನ್ನೊಂದು ಸಲ ಎದ್ದೆ. “ನಾಳೆ ಹನ್ನೆರಡು ಸಾರ್” ಎಂದನು ನನ್ನ ಗುರು.