ಬಡಾವಣೆಯಲ್ಲಿ ಬಾಡಿಗೆ ಮನೆ

ಮೈಸೂರಿನಲ್ಲಿ ಸರಸ್ವತಿಪುರಂ ಅಂತ ಒಂದು ಬಡಾವಣೆ ಇದೆ. ಬಡಾವಣೆ ಅಂದರೆ ಏನು? ಊರು ಬೆಳೆದಾಗ ಜಾಗ ಅಳತೆ ಮಾಡುತ್ತಾರೆ. ರಸ್ತೆ ಬಿಡುತ್ತಾರೆ. ಸೈಟು ಹಂಚುತ್ತಾರೆ. ಹಾಗೆ ಕಟ್ಟಿದ ಜಾಗವೇ ಬಡಾವಣೆ.

ಸರಸ್ವತಿ ವಿದ್ಯೆಯ ದೇವತೆ. ಈ ಬಡಾವಣೆಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಯಾಕೆ ಗೊತ್ತೆ?

ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು. ಕೆರೆಯ ಆಚೆಗೆ ಮಾನಸಗಂಗೋತ್ರಿ. ಮೈಸೂರು ವಿಶ್ವವಿದ್ಯಾನಿಲಯದ ದೊಡ್ಡ ತರಗತಿಗಳು ನಡೆಯುವುದು ಅಲ್ಲೇ. ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಮಾನಸಗಂಗೋತ್ರಿ ಶುರುವಾದದ್ದು 1960ರಲ್ಲಿ. ಆ ಹೆಸರು ಇಟ್ಟವರು ಕವಿ ಕುವೆಂಪು.

ಓದುವ ಮಕ್ಕಳು ಬಂದರು. ಅವರಿಗೆ ರೂಮು ಬೇಕಾಯಿತು. ಊಟ ಬೇಕಾಯಿತು. ಪುಸ್ತಕದ ಅಂಗಡಿ, ಜೆರಾಕ್ಸ್ ಅಂಗಡಿ, ಮೆಸ್ಸು, ಕಾಫಿ ಹೋಟೆಲು ಎಲ್ಲ ಬಂದವು. ಶಾಲೆ, ಆಸ್ಪತ್ರೆ, ಬಸ್ಸು ಹತ್ತಿರ ಇರಲಿ ಅಂತ ಸಂಸಾರಸ್ಥರೂ ಇಲ್ಲೇ ಮನೆ ಮಾಡಿದರು. ಬೆಳಿಗ್ಗೆ ಕೆರೆ ಏರಿ ಮೇಲೆ ಅಜ್ಜ ಅಜ್ಜಿಯರ ವಾಕಿಂಗ್. ಸಂಜೆ ರಸ್ತೆ ತುಂಬ ಹುಡುಗ ಹುಡುಗಿಯರ ಓಡಾಟ.

ಇಂಥ ಜಾಗದಲ್ಲಿ ನಾವು ಬದುಕುವುದು ಹೇಗೆ? ಬನ್ನಿ, ನೋಡೋಣ.

ವಿಳಾಸ ಹುಡುಕುವುದು

ಒಬ್ಬ ತಾಯಿ ಮಗಳ ಓದಿಗಾಗಿ ಹಳ್ಳಿಯಿಂದ ಇಲ್ಲಿಗೆ ಬಂದರು ಅಂತ ಇಟ್ಟುಕೊಳ್ಳಿ. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಮನೆ ನಂಬರು, ಕ್ರಾಸ್, ಮೇನ್ ಅಂತ ಬರೆದಿದೆ. ಹಳ್ಳಿಯಲ್ಲಾದರೆ "ಅರಳಿಮರದ ಪಕ್ಕದ ಮನೆ" ಅಂದರೆ ಸಾಕು. ಇಲ್ಲಿ ಹಾಗಲ್ಲ.

ಮೇನ್ ಅಂದರೆ ಮುಖ್ಯ ರಸ್ತೆ. ಕ್ರಾಸ್ ಅಂದರೆ ಅದನ್ನು ಅಡ್ಡ ಹಾಯುವ ರಸ್ತೆ. ಎರಡಕ್ಕೂ ನಂಬರು ಇರುತ್ತದೆ. ರಸ್ತೆ ಮೂಲೆಯಲ್ಲಿ ಬೋರ್ಡು ಇರುತ್ತದೆ. ಮೊದಲು ಮೇನ್ ಹುಡುಕಿ. ಆಮೇಲೆ ಕ್ರಾಸ್. ಕೊನೆಗೆ ಮನೆ ನಂಬರು. ಅಕ್ಷರ, ಅಂಕಿ ಎರಡೂ ಗೊತ್ತಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ.

ಬಾಡಿಗೆಯೋ? ಭೋಗ್ಯವೋ?

ಮನೆಗಳ ಗೇಟಿಗೆ ಬೋರ್ಡು ನೇತು ಹಾಕಿರುತ್ತಾರೆ. ಕೆಲವು "ಬಾಡಿಗೆಗೆ". ಕೆಲವು "ಭೋಗ್ಯಕ್ಕೆ". ಇವೆರಡೂ ಒಂದೇ ಅಲ್ಲ.

ಬಾಡಿಗೆಗೆ ಅಂದರೆ ಮುಂಗಡ ಕೊಡಬೇಕು. ತಿಂಗಳು ತಿಂಗಳು ಬಾಡಿಗೆಯನ್ನೂ ಕೊಡಬೇಕು. ಮುಂಗಡವನ್ನು ಅಡ್ವಾನ್ಸ್ ಅಂತಲೂ ಹೇಳುತ್ತಾರೆ. ಮನೆ ಬಿಡುವಾಗ ಅದು ವಾಪಸ್ ಬರಬೇಕು.

ಭೋಗ್ಯಕ್ಕೆ ಅಂದರೆ ಒಂದೇ ಸಲ ದೊಡ್ಡ ಮೊತ್ತ ಕೊಡಬೇಕು. ತಿಂಗಳ ಬಾಡಿಗೆ ಇಲ್ಲ. ಮಾತಾಡಿದ ಕಾಲ ಮುಗಿದ ಮೇಲೆ ಪೂರ್ತಿ ಹಣ ವಾಪಸ್ ಬರಬೇಕು. ಇದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ದೊಡ್ಡ ಹಣ ಬೇರೆಯವರ ಕೈಯಲ್ಲಿ ಇರುತ್ತದಲ್ಲ! ಆದ್ದರಿಂದ ಹಣ ಕೊಡುವ ಮುಂಚೆ ಮನೆ ಯಾರ ಹೆಸರಿನಲ್ಲಿದೆ ನೋಡಿ. ಖಾತೆ, ಕಂದಾಯದ ರಸೀದಿ ತೋರಿಸಿ ಅಂತ ಕೇಳಿ. ಮನೆ ಮೇಲೆ ಸಾಲ ಇದೆಯಾ ಅಂತಲೂ ಕೇಳಿ.

ಕಾಗದ ಓದಿ, ಆಮೇಲೆ ಸಹಿ ಮಾಡಿ

ಆ ತಾಯಿಗೆ ಒಂದು ಮನೆ ಹಿಡಿಸಿತು. ಓನರಮ್ಮ ಛಾಪಾ ಕಾಗದದ ಕರಾರು ತಂದರು.

"ಇಲ್ಲಿ ಒಂದು ಸಹಿ ಹಾಕಿಬಿಡಮ್ಮ" ಅಂದರು.

ತಾಯಿ ಸಹಿ ಹಾಕಲಿಲ್ಲ. ಕಾಗದ ಕೈಗೆ ತೆಗೆದುಕೊಂಡರು. ನಿಧಾನವಾಗಿ ಬೆರಳಿಟ್ಟು ಓದಿದರು. ಬಾಡಿಗೆ ಎಷ್ಟು ಅಂತ ಇತ್ತು. ಅಡ್ವಾನ್ಸ್ ಎಷ್ಟು ಅಂತ ಇತ್ತು. ಅವಧಿ ಹನ್ನೊಂದು ತಿಂಗಳು ಅಂತ ಇತ್ತು.

"ಅಮ್ಮಾ, ಅಡ್ವಾನ್ಸ್ ವಾಪಸ್ ಕೊಡೋ ವಿಷಯ ಇದರಲ್ಲಿ ಇಲ್ವಲ್ಲ?"

"ಅಯ್ಯೋ, ನಾವೇನು ಓಡಿಹೋಗ್ತೀವಾ?"

"ಹಾಗಲ್ಲ ಅಮ್ಮ. ನಾಳೆ ನಿಮಗೂ ಮರೀಬಹುದು, ನನಗೂ ಮರೀಬಹುದು. ಕಾಗದ ಮರೆಯಲ್ಲ."

ಓನರಮ್ಮ ನಕ್ಕರು. ಆ ಒಂದು ಸಾಲು ಸೇರಿಸಿದರು.

ಒಂದು ಸಾಲು ಅಂತ ಸದರ ಮಾಡಬೇಡಿ. ಆ ಹಣ ಮನೆಯ ಹಸು ಮಾರಿ ತಂದದ್ದು. ಹೆಬ್ಬೆಟ್ಟು ಒತ್ತಿದ್ದರೆ ಆ ಸಾಲು ಬರುತ್ತಿತ್ತೆ?

ಹನ್ನೊಂದು ತಿಂಗಳು ಯಾಕೆ? ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತ ಕಾನೂನು ಇದೆ. ಅದಕ್ಕೆ ಖರ್ಚು ಬರುತ್ತದೆ. ಅದಕ್ಕೇ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಆದರೆ ವರ್ಷಗಟ್ಟಲೆ ಭೋಗ್ಯಕ್ಕೆ ಹಣ ಕೊಡುವಾಗ ನೋಂದಣಿ ಮಾಡಿಸುವುದೇ ಕ್ಷೇಮ.

ಇನ್ನೂ ಕೆಲವು ಸಾಲು ಕಾಗದದಲ್ಲಿ ಇರಬೇಕು. ನೀರಿನ ಬಿಲ್ಲು ಯಾರು ಕಟ್ಟಬೇಕು? ಮನೆ ಬಿಡುವ ಎಷ್ಟು ದಿನ ಮುಂಚೆ ಹೇಳಬೇಕು? ಬಣ್ಣ ಹೊಡೆಸಲು ಅಂತ ಅಡ್ವಾನ್ಸಿನಲ್ಲಿ ಹಣ ಹಿಡಿಯುತ್ತಾರಾ? ಹಿಡಿದರೆ ಎಷ್ಟು? ಬಾಡಿಗೆ ಕೊಟ್ಟಾಗಲೆಲ್ಲ ರಸೀದಿ ತೆಗೆದುಕೊಳ್ಳಿ.

ಕರಾರಿನ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಅದು ಬೇರೆ ಕೆಲಸಕ್ಕೂ ಬರುತ್ತದೆ. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಅರ್ಜಿಯಲ್ಲಿ ಕೇಳಿದ ವಿವರ ಸರಿಯಾಗಿ ಬರೆಯಬೇಕು.

ದುಡಿಮೆಗೂ ದಾರಿ ಇದೆ

ಓದುವ ಮಕ್ಕಳು ಇರುವ ಕಡೆ ಕೆಲಸವೂ ಇರುತ್ತದೆ. ಮನೆಯಲ್ಲೇ ಊಟ ಮಾಡಿ ಡಬ್ಬಿ ಕಳಿಸಬಹುದು. ಚಪಾತಿ, ಚಟ್ನಿಪುಡಿ ಮಾರಬಹುದು. ಬಟ್ಟೆ ಹೊಲಿಯಬಹುದು. ಆದರೆ ಯಾರು ಎಷ್ಟು ಕೊಟ್ಟರು, ಯಾರದು ಬಾಕಿ ಅಂತ ದಿನವೂ ಪುಸ್ತಕದಲ್ಲಿ ಬರೆದಿಡಿ. ಪರೀಕ್ಷೆ ಮುಗಿದರೆ ಮಕ್ಕಳು ಊರಿಗೆ ಹೋಗುತ್ತಾರೆ. ಆ ತಿಂಗಳು ವ್ಯಾಪಾರ ಕಡಿಮೆ. ಅದಕ್ಕೆ ಮುಂಚೆಯೇ ಸ್ವಲ್ಪ ಹಣ ಕೂಡಿಡಬೇಕು.

ಹೊಂದಿಕೊಂಡು ಬಾಳುವುದು

ಓದುವವರು ತಡರಾತ್ರಿವರೆಗೆ ಎದ್ದಿರುತ್ತಾರೆ. ಸಂಸಾರಸ್ಥರು ಬೇಗ ಮಲಗುತ್ತಾರೆ. ಮೇಲಿನ ಮನೆಯಲ್ಲಿ ಹಾಡು, ಕೆಳಗಿನ ಮನೆಯಲ್ಲಿ ಮಗುವಿನ ನಿದ್ದೆ. ಜಗಳ ಆಡಿದರೆ ಪ್ರಯೋಜನ ಇಲ್ಲ. "ಮಗಾ, ಸ್ವಲ್ಪ ಸಣ್ಣಗೆ ಇಡಪ್ಪ" ಅಂದರೆ ಕೇಳುತ್ತಾರೆ. ಅವರೂ ತಾಯಿಯನ್ನು ಬಿಟ್ಟು ಬಂದವರೇ.

ಹಸಿ ಕಸ, ಒಣ ಕಸ ಬೇರೆ ಬೇರೆ ಇಡಿ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರಿಗೆ ದೇಶದಲ್ಲೇ ಮೊದಲ ಸ್ಥಾನ ಸಿಕ್ಕಿತ್ತು. ಅದರಲ್ಲಿ ಪೌರಕಾರ್ಮಿಕರ ದುಡಿಮೆ ಇದೆ. ಮನೆ ಮನೆಯ ಹೆಂಗಸರ ಪಾಲೂ ಇದೆ.

ಅಪಾಯ ಅನಿಸಿದರೆ ಫೋನಿನಲ್ಲಿ 112 ಒತ್ತಿ. ಪೊಲೀಸರು ನೆರವಿಗೆ ಬರುತ್ತಾರೆ. ಈ ನಂಬರು ಗೋಡೆ ಮೇಲೆ ನೀವೇ ಬರೆದು ಅಂಟಿಸಿ.

ಮಗಳು ಕಾಲೇಜಿಗೆ ಹೋಗುತ್ತಾಳೆ. ತಾಯಿ ಕರಾರು ಓದುತ್ತಾಳೆ, ಲೆಕ್ಕ ಬರೆಯುತ್ತಾಳೆ. ಒಂದೇ ಮನೆಯಲ್ಲಿ ಇಬ್ಬರು ವಿದ್ಯಾರ್ಥಿಗಳು!

ಮಾತಾಡಿಕೊಳ್ಳಿ

1. ಬಾಡಿಗೆಗೂ ಭೋಗ್ಯಕ್ಕೂ ಏನು ವ್ಯತ್ಯಾಸ?
2. ಆ ತಾಯಿ ಕಾಗದ ಓದದೆ ಸಹಿ ಹಾಕಿದ್ದರೆ ಏನಾಗಬಹುದಿತ್ತು?
3. ನಿಮ್ಮ ಮನೆಯ ವಿಳಾಸ ನೀವೇ ಬರೆಯಿರಿ.